ಕೊಲೆ ಪತ್ತೆಯ ಲಾಜಿಕ್ ಪಜಲ್ ಬೇಗ ಬಿಡಿಸಲು ಪತ್ತೇದಾರಿ ಬುದ್ಧಿ ಬೆಳೆಸಿಕೊಳ್ಳುವುದು ಹೇಗೆ? ಕಾದಂಬರಿ ಓದಬೇಕಾ, ಆ್ಯಪ್ ಹಾಕಿಕೊಳ್ಳಬೇಕಾ?

ಅರ್ಧದಲ್ಲಿ ಸಿಕ್ಕಿಹಾಕಿಕೊಂಡು ‘ನಂಗೆ ಆ ತಲೆ ಇಲ್ಲ’ ಅಂದುಕೊಳ್ಳುತ್ತೀರಿ, ಅಲ್ವಾ? ನಾನೂ ಹಾಗೇ ಇದ್ದೆ. ಅಕ್ಕನ ಮಗಳ ಹತ್ತಿರ ಬಾಜಿ ಸೋತು, ಅವಳ ರಜೆ ಮುಗಿಯುವವರೆಗೂ ಪಾತ್ರೆ ತೊಳೆದ ಮೇಲೆ ಬುದ್ಧಿ ಬಂತು.

ಹತ್ತನೇ ಕ್ಲಾಸಿನ ಹುಡುಗಿ. ರಾತ್ರಿ ಊಟ ಆದಮೇಲೆ ನಮ್ಮಿಬ್ಬರಿಗೂ ಮೊಬೈಲಿನಲ್ಲಿ ಒಂದು ಕೊಲೆ ಆಗಲೇಬೇಕು. ಅವತ್ತಿನ ಪಜಲ್ ಹೆಚ್ಚುಕಡಿಮೆ ಹೀಗಿತ್ತು (ಜಾಗ, ಸಾಮಾನು ನಮ್ಮ ಕಡೆಯವು ಮಾಡಿದ್ದೇನೆ). ಡಾಕ್ಟರು, ವಕೀಲ, ಅಡುಗೆಭಟ್ಟ. ಅಟ್ಟ, ಹಿತ್ತಲು, ಜಗಲಿ. ಹಗ್ಗ, ವಿಷ, ಒನಕೆ. ಒಬ್ಬೊಬ್ಬರು ಒಂದೊಂದು ಕಡೆ, ಒಬ್ಬೊಬ್ಬರ ಕೈಲಿ ಒಂದೊಂದು. ಒನಕೆ ಇದ್ದದ್ದು ಭಟ್ಟನ ಕೈಲಿ, ಅದು ಖಚಿತ. ಕೊಲೆಗಾರನ ಮಾತು ಸುಳ್ಳು, ಉಳಿದಿಬ್ಬರದು ನಿಜ.

ಡಾಕ್ಟರು: ‘ನಾನು ಅಟ್ಟದಲ್ಲಿದ್ದೆ ಮತ್ತು ನನ್ನ ಕೈಲಿ ಹಗ್ಗ ಇತ್ತು.’
ವಕೀಲ: ‘ನಾನು ಹಿತ್ತಲಲ್ಲಿದ್ದೆ.’
ಭಟ್ಟ: ‘ಒನಕೆ ಜಗಲಿಯಲ್ಲಿತ್ತು.’

ವಕೀಲನದು ಸುಳ್ಳು ಅಂತ ಇಟ್ಟುಕೊಂಡೆ. ಡಾಕ್ಟರು ಅಟ್ಟ, ಭಟ್ಟ ಜಗಲಿ, ಮತ್ತೆ ವಕೀಲ ಹಿತ್ತಲಿಗೇ ಬಂದ. ಆಗಲ್ಲ. ಭಟ್ಟನದು ಸುಳ್ಳು ಅಂದರೂ ಅವನು ಜಗಲಿಗೇ ಬಂದು ಬೀಳುತ್ತಾನೆ. ಆಗಲ್ಲ. ಡಾಕ್ಟರದು ಸುಳ್ಳು ಅಂದರೆ? ಭಟ್ಟ ಜಗಲಿ, ವಕೀಲ ಹಿತ್ತಲು, ಡಾಕ್ಟರಿಗೆ ಉಳಿದದ್ದು ಅಟ್ಟವೇ. ಅವರು ಅಟ್ಟ ಅಂದಿದ್ದರಲ್ಲ, ಅಂದರೆ ನಿಜ ಹೇಳಿದರು! ಮೂರೂ ಆಗಲ್ಲ.

ನಾನು ಏನು ಮಾಡಿದೆ ಗೊತ್ತಾ? ಪಜಲ್ಲೇ ತಪ್ಪು ಅಂತ ಬಾಜಿ ಕಟ್ಟಿದೆ. ಸಾಲದ್ದಕ್ಕೆ ಅದನ್ನು ಮಾಡಿದವರಿಗೆ ಖಾರವಾಗಿ ಒಂದು ಮೇಲ್ ಬರೆದೆ.

‘ಮಾಮ, ಹಗ್ಗ?’ ಅಂದಳು.

ಡಾಕ್ಟರು ಹೇಳಿದ್ದು ಎರಡು ವಿಷಯ, ನಡುವೆ ‘ಮತ್ತು’. ಆ ಮಾತು ಸುಳ್ಳಾಗಲು ಒಂದು ಅರ್ಧ ಸುಳ್ಳಾದರೆ ಸಾಕು. ಅಟ್ಟ ನಿಜ, ಹಗ್ಗ ಸುಳ್ಳು. ಅವರ ಕೈಲಿದ್ದದ್ದು ವಿಷ. ‘ಹಾಲು ತಂದೆ, ಮೊಸರೂ ತಂದೆ’ ಅಂತ ಹೇಳಿ ಬರೀ ಹಾಲು ತಂದಿದ್ದರೂ ಅದು ಸುಳ್ಳೇ ತಾನೇ? ನಾನು ಮಾತ್ರ, ಸುಳ್ಳುಗಾರ ಅಂದರೆ ಪದಪದವೂ ಸುಳ್ಳು ಅಂತ ಹಿಡಿದು ಕೂತಿದ್ದೆ. ನಾಚಿಕೆಯ ವಿಷಯ ಅಂದರೆ ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಇದು ಡಿ ಮಾರ್ಗನ್ ನಿಯಮ. 1806ರಲ್ಲಿ ಇಲ್ಲೇ ಮದುರೈಯಲ್ಲಿ ಹುಟ್ಟಿದ ಆ ಇಂಗ್ಲಿಷ್ ಗಣಿತಜ್ಞನ ನಿಯಮವನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು!

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಪತ್ತೇದಾರಿ ಬುದ್ಧಿ ಇಲ್ಲಿ ಅಡ್ಡ ಬರುತ್ತದೆ. ಕಾದಂಬರಿ ಖುಷಿಗೆ ಓದಿ, ಆದರೆ ಅದು ‘ಯಾಕೆ ಕೊಂದ’ ಅಂತ ಯೋಚಿಸುವುದನ್ನು ಕಲಿಸುತ್ತದೆ. ಪಜಲ್‌ಗೆ ಅದು ಬೇಡವೇ ಬೇಡ. 1949ರಲ್ಲಿ ಬಂದ, ಕೊಲೆಗಾರನನ್ನು ಹುಡುಕುವ ಕ್ಲೂಡೊ ಬೋರ್ಡ್ ಆಟ ನೋಡಿ. 6 ಜನ, 6 ಆಯುಧ, 9 ಕೋಣೆ, ಒಟ್ಟು 324 ಸಾಧ್ಯತೆ. ಅಲ್ಲೂ ಆಗದ್ದನ್ನು ಹೊಡೆದುಹಾಕುತ್ತಾ ಹೋಗುವುದೇ ಕೆಲಸ. ಬೇಗ ಬಿಡಿಸಿ ಏನು ಮಾಡಬೇಕು ಅನ್ನೋದೂ ನನಗೆ ಅರ್ಥವಾಗಲ್ಲ, ಬಸ್ಸೇನೂ ಹೊರಟುಹೋಗಲ್ಲ.

ಆ್ಯಪ್ ಯಾವುದಾದರೂ ಆಗಲಿ, ಹಿಂಟ್ ಒತ್ತಬೇಡಿ. ಚೌಕುಳಿ ಹಾಳೆಯಲ್ಲಿ ಪೆನ್ಸಿಲ್‌ನಿಂದ ಮಾಡಿ. ಖಚಿತವಾಗಿ ಆಗಲ್ಲ ಅಂತ ಗೊತ್ತಾದದ್ದಕ್ಕೆ ಗುಣಾಕಾರದ ಗುರುತು, ಊಹೆಗೆ ಸುಮ್ನೆ ಒಂದು ಚುಕ್ಕೆ.

ನನ್ನ ಮೇಲ್‌ಗೆ ಇವತ್ತಿನವರೆಗೂ ಉತ್ತರ ಬಂದಿಲ್ಲ. ಪುಣ್ಯ.