ಸೊಲ್ಲಾಪುರದಾಗ ನಾಲ್ಕು ತಾಸು

ಎರಡು ರೈಲಿನ ನಡುವ ನಾಲ್ಕು ತಾಸು ಸಿಗತದ, ಮೂರು ಮತ್ತ ಆರು ವರ್ಷದ ಮಕ್ಕಳನ್ನ ಕರ್ಕೊಂಡು ಎಲ್ಲಿಗೆ ಹೋಗಲಿ ಅಂತ ಕೇಳೀರಿ. ಸ್ಟೇಷನ್ನಿಂದ ಆಟೋ ಮಾಡ್ಕೊಂಡು ಸೀದಾ ಸಿದ್ಧೇಶ್ವರ ಗುಡಿಗೆ ಹೋಗ್ರಿ. ಗುಡಿ ಇರೋದು ಕೆರಿಯೊಳಗ. ಎರಡೂ ಕಡೆ ನೀರು ನೋಡ್ಕೋತ ನಡೆಯೋದ ಹುಡುಗರಿಗೆ ದೊಡ್ಡ ಆಟ, ಆದರ ಸಣ್ಣದರ ಕೈ ಬಿಡಬ್ಯಾಡ್ರಿ. ಈ ಕೆರಿ ಕಟ್ಟಿಸಿದವರು 12ನೆಯ ಶತಮಾನದ ವಚನಕಾರ ಸಿದ್ಧರಾಮರು ಅಂತ ದೊಡ್ಡದಕ್ಕ ಹೇಳ್ರಿ, ಪ್ರಶ್ನೆ ಶುರು ಆಗತಾವ.

ಪಕ್ಕದಾಗ ಭುಯಿಕೋಟ ಕಿಲ್ಲಾ. ಹೆಸರಿಗೆ ತಕ್ಕಂಗ ನೆಲದ ಮ್ಯಾಲಿನ ಕೋಟಿ, ಗುಡ್ಡ ಹತ್ತೋದಿಲ್ಲ, ಕೂಸಿನ್ನ ಹೆಗಲ ಮ್ಯಾಲ ಹೊರೋದೂ ಇಲ್ಲ. ಒಳಗ ಗಿಡದ ನೆರಳಿನಾಗ ಓಡ್ಯಾಡಲಿಕ್ಕೆ ಬಿಡ್ರಿ. ಎರಡ ಜಾಗ ಸಾಕು, ಮೂರನೇದು ಹಾಕ್ಕೊಂಡ್ರ ಅಳು ಗ್ಯಾರಂಟಿ.

ಏಪ್ರಿಲ್-ಮೇದಾಗ ಬಿಸಿಲು 40 ಡಿಗ್ರಿ ದಾಟತದ, ಮಧ್ಯಾಹ್ನ ಹೊರಗ ಬೀಳಬ್ಯಾಡ್ರಿ. ಸಂಕ್ರಾಂತಿ ಜಾತ್ರಿ ದಿನ ಇದ್ರ ಈ ಪ್ಲ್ಯಾನೇ ಬಿಡ್ರಿ, ಗದ್ದಲದಾಗ ಸಣ್ಣ ಮಕ್ಕಳು ಬ್ಯಾಡ. ಊಟಕ್ಕ ಭಕ್ರಿ, ಶೇಂಗಾ ಚಟ್ನಿ. ಖಾರ ಇರತದ, ಹುಡುಗರಿಗೆ ಮೊಸರಿನಾಗ ಕಲಸಿ ಕೊಡ್ರಿ. ಚಾದರ ಖರೀದಿ? ಒಬ್ಬರು ಮಕ್ಕಳನ್ನ ಹಿಡ್ಕೊಂಡು ಹೊರಗ ನಿಂತ್ರ ಮಾತ್ರ.