ನೀಡಲ್ ಬಿಡಿ, ಮೊದಲು ಕ್ಲಚ್ ಬಿಚ್ಚಿ

ನೈಟ್ರೋ ಆರ್‌ಸಿ ಕಾರುಗಳ, ಅಂದರೆ ಮೆಥನಾಲ್, ನೈಟ್ರೋಮಿಥೇನ್ ಬೆರೆತ ಇಂಧನ ಕುಡಿದು ರಿಮೋಟಿನಲ್ಲಿ ಓಡುವ ಪುಟ್ಟ ಕಾರುಗಳ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಈ ಸಲ ಒಂದೇ ಪಟ್ಟಿಗೆ ಕೂತು ಓದಿದೆ. ಊರು ಬೇರೆ, ಕಾರು ಬೇರೆ, ಗೋಳು ಮಾತ್ರ ಒಂದೇ. ಎಲ್ಲರ ಕೈಯಲ್ಲೂ ಸ್ಕ್ರೂಡ್ರೈವರ್. ಕಾರಿಗೆ ಏನೇ ಆಗಲಿ, ಕಾರ್ಬ್ಯುರೇಟರಿನಲ್ಲಿ ಇಂಧನ ಹೆಚ್ಚು ಕಮ್ಮಿ ಮಾಡುವ ಸ್ಕ್ರೂ ಇದೆಯಲ್ಲ, ಆ ನೀಡಲ್ ತಿರುಗಿಸುವುದು! ಬಿಗಿ ಮಾಡಿದರೆ ಇಂಧನ ಕಮ್ಮಿ, ಅದು ಲೀನ್; ಬಿಚ್ಚಿದರೆ ಜಾಸ್ತಿ, ಅದು ರಿಚ್. ಯಾವ ನೀಡಲ್ ಎಲ್ಲಿರುತ್ತದೆ ಅಂತೆಲ್ಲ ಇದಕ್ಕಿಂತ ಹೆಚ್ಚು ನಾನಿಲ್ಲಿ ಹೇಳಿಕೊಡುವುದಿಲ್ಲ. ಅದು ಡಬ್ಬಿಯೊಳಗೆ ಬರುವ ಪುಸ್ತಕದಲ್ಲಿದೆ. ಓದಿಕೊಂಡು ಬನ್ನಿ.

ಪ್ರಶ್ನೆ: 3.5 ಸಿಸಿ ಇಂಜಿನ್ನಿಗೆ ಹೈ ಸ್ಪೀಡ್ ನೀಡಲ್ ಕರೆಕ್ಟಾಗಿ ಎಷ್ಟು ಸುತ್ತು ಬಿಚ್ಚಿರಬೇಕು ಸರ್? (ಮೈಸೂರಿನ ಓದುಗರು)

ನಿಮ್ಮ ಇಂಜಿನ್ನಿಗೆ ಬೇಕಾದಷ್ಟು. ಪುಸ್ತಕದಲ್ಲಿ ಕೊಟ್ಟ ಲೆಕ್ಕ ಸ್ಟಾರ್ಟ್ ಮಾಡುವುದಕ್ಕೆ ಮಾತ್ರ, ರೇಸಿಗಲ್ಲ.

ಪ್ರಶ್ನೆ: ನನ್ನದು 1/8 ಸ್ಕೇಲಿನ ಬಗ್ಗಿ ಕಾರು ಸರ್. ನಿಂತಲ್ಲಿಂದ ಥ್ರಾಟಲ್ ಕೊಟ್ಟರೆ ಇಂಜಿನ್ ಒಂದು ಕ್ಷಣ ಮಂಕಾಗಿ ಆಮೇಲೆ ಏಳುತ್ತದೆ. ಬಿಸಿಯಾದ ಮೇಲೆ ಬ್ರೇಕ್ ಹಾಕಿದರೆ ಆಫ್. ಅದಕ್ಕೆ ಐಡಲ್ ಏರಿಸಿದೆ, ಲೋ ಸ್ಪೀಡ್ ನೀಡಲ್ ಬಿಗಿ ಮಾಡಿದೆ. ಎರಡು ದಿನ ಚೆನ್ನಾಗಿತ್ತು. ಈಗ ಥ್ರಾಟಲ್ ಬಿಟ್ಟರೂ ಆರ್‌ಪಿಎಂ ಇಳಿಯುವುದಿಲ್ಲ. ಒಂದೇ ವಾರದಲ್ಲಿ ಮೂರು ಗ್ಲೋ ಪ್ಲಗ್ ಹೋದವು. ಅಂಗಡಿಯವರು ಕಾರ್ಬ್ಯುರೇಟರ್ ಬದಲಿಸಿ ಅಂತಾರೆ. ಬದಲಿಸಲಾ? (ತುಮಕೂರಿನ ಓದುಗರು)

ಬೇಡ. ಆ ಅಂಗಡಿಯವರು ಕ್ಲಚ್ ಬೆಲ್ ಬಿಚ್ಚಿ ನೋಡಿದರಾ? ನೋಡಿರುವುದಿಲ್ಲ. ಬೇರಿಂಗ್ ಮಾರಿದರೆ ಅವರಿಗೆ ಏನು ಸಿಗುತ್ತದೆ ಹೇಳಿ, ಕಾರ್ಬ್ಯುರೇಟರ್ ಆದರೆ ಲಾಭ ಉಂಟು.

ನಿಮ್ಮ ಕಾರಿನಲ್ಲಿ ಏನಾಗಿದೆ ಅಂತ ನೋಡದೆಯೂ ಹೇಳಬಲ್ಲೆ, ಯಾಕೆಂದರೆ ಇದೇ ಕಥೆಯನ್ನು ಎಷ್ಟೋ ಸಲ ಕೇಳಿದ್ದೇನೆ. ಕ್ಲಚ್ ಬೆಲ್ ಅಂದರೆ ಚಕ್ರಕ್ಕೆ ಬಲ ದಾಟಿಸುವ ಬಟ್ಟಲು. ಇಂಜಿನ್ ವೇಗ ಏರಿದರೆ ಒಳಗಿನ ಶೂಗಳು ಹೊರಗೆ ಚಾಚಿ ಅದನ್ನು ಹಿಡಿದು ತಿರುಗಿಸುತ್ತವೆ, ವೇಗ ಇಳಿದರೆ ಸ್ಪ್ರಿಂಗ್ ಅವನ್ನು ಒಳಗೆ ಎಳೆಯುತ್ತದೆ. ಇಂಜಿನ್ ಐಡಲ್‌ನಲ್ಲಿದ್ದಾಗ ಇಂಜಿನ್ನಿನ ದಂಡ ಕ್ರ್ಯಾಂಕ್ ತಿರುಗಬೇಕು, ಬೆಲ್ ನಿಂತಿರಬೇಕು. ಅವೆರಡರ ಮಧ್ಯೆ ಇರುವುದು ಎರಡು ಪುಟ್ಟ ಬೇರಿಂಗ್. ಸಾಮಾನ್ಯವಾಗಿ 5x10x4 ಮಿಲಿಮೀಟರ್ ಅಳತೆಯದು. ಶೂಗಳ ಬಿಸಿಯೆಲ್ಲ ತಿನ್ನುವುದು ಅವೇ, ಟ್ರ್ಯಾಕಿನ ಧೂಳು ಕುಡಿಯುವುದೂ ಅವೇ. ಒಳಗಿನ ಗ್ರೀಸ್ ಒಣಗಿತು ಅಂದರೆ ಬೇರಿಂಗ್ ಕಚ್ಚಿಕೊಳ್ಳುತ್ತದೆ. ಆಗ ಕ್ರ್ಯಾಂಕ್ ಬೆಲ್ಲನ್ನೂ ಎಳೆದುಕೊಂಡೇ ತಿರುಗುತ್ತದೆ. ಸ್ಪ್ರಿಂಗ್ ಸೋತರೂ ಅದೇ ಪಾಡು. ಶೂಗಳು ಐಡಲ್‌ನಲ್ಲೇ ಹೊರಗೆ ಬಂದು ಬೆಲ್ಲಿಗೆ ತಾಗುತ್ತವೆ.

ಈಗ ನಿಮ್ಮದೇ ಕಥೆಗೆ ಬನ್ನಿ. ಬ್ರೇಕ್ ಹಾಕಿದಿರಿ, ಚಕ್ರ ನಿಂತಿತು, ಚಕ್ರದ ಜೊತೆ ಬೆಲ್ಲೂ ನಿಂತಿತು. ಬೆಲ್ ಕ್ರ್ಯಾಂಕನ್ನು ಹಿಡಿದುಕೊಂಡಿದೆ, ಹಾಗಾಗಿ ಇಂಜಿನ್ ಆಫ್. ನೀವು ಅಂದುಕೊಂಡಿದ್ದು ಐಡಲ್ ಕಮ್ಮಿಯಾಯಿತು ಅಂತ. ಏರಿಸಿದಿರಿ. ಐಡಲ್ ಏರಿದಷ್ಟೂ ಶೂ ಇನ್ನೂ ಹೊರಗೆ ಬಂತು, ಬೆಲ್ ಇನ್ನೂ ಬಿಸಿಯಾಯಿತು. ಹೊರಡುವಾಗ ಮಂಕಾಗುತ್ತದೆ ಅಂತ ಲೋ ಸ್ಪೀಡ್ ನೀಡಲ್ಲನ್ನೂ ಬಿಗಿ ಮಾಡಿದಿರಿ. ಇಂಜಿನ್ ಲೀನ್ ಆಗಿ ಚುರುಕಾಯಿತು. ಆ ಎರಡು ದಿನದ ಸುಖ ಅದೇ! ಆಮೇಲೆ ಬಿಸಿ ಏರಿತು, ಆರ್‌ಪಿಎಂ ಇಳಿಯದಾಯಿತು, ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಸುಟ್ಟವು. ಮೂಲ ಕಾಯಿಲೆ ಮಾತ್ರ ಇದ್ದಲ್ಲೇ ಇದೆ.

ಹೀಗೆ ಮಾಡಿ. ಇಂಜಿನ್ ತಣ್ಣಗಿರುವಾಗ ಕಾರನ್ನು ಸ್ಟ್ಯಾಂಡ್ ಮೇಲಿಟ್ಟು ಚಕ್ರ ಎತ್ತಿ, ಬೆಲ್ಲನ್ನು ಬೆರಳಲ್ಲಿ ತಿರುಗಿಸಿ. ನುಣ್ಣಗೆ ತಿರುಗಬೇಕು. ಬೆರಳಿಗೆ ಮರಳು ಸಿಕ್ಕಿದ ಹಾಗೆ ಅನ್ನಿಸಿದರೆ ಬೇರಿಂಗ್ ಹೋಗಿದೆ, ಮುಂದಕ್ಕೆ ಓದುವುದೇ ಬೇಡ. ಚೆನ್ನಾಗಿದೆ ಅನ್ನಿಸಿದರೆ ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಬ್ರೇಕ್ ಬಿಟ್ಟು ಸಮ ನೆಲದ ಮೇಲೆ ಇಡಿ. ಐಡಲ್‌ನಲ್ಲಿ ಕಾರು ತಾನಾಗಿ ತೆವಳಬಾರದು. ತೆವಳಿದರೆ ಬೆಲ್ ಬಿಚ್ಚಿ. ಬೆಲ್ ನೀಲಿ ತಿರುಗಿದೆಯಾ, ಒಳಗೆ ಗೆರೆ ಬಿದ್ದಿದೆಯಾ, ಸ್ಪ್ರಿಂಗ್ ಬಿರುಕು ಬಿಟ್ಟಿದೆಯಾ, ಶೂ ಕನ್ನಡಿ ಹಾಗೆ ಹೊಳೆಯುತ್ತಿದೆಯಾ ನೋಡಿ. ಹೊಳೆಯುವ ಶೂ ಜಾರುತ್ತದೆ. ಎಣ್ಣೆ ಕುಡಿದ ಶೂ ಕೂಡ ಜಾರುತ್ತದೆ. ಮತ್ತೆ ಕೂರಿಸುವಾಗ ಬೆಲ್ ಹಿಂದೆ ಮುಂದೆ ಕೂದಲೆಳೆಯಷ್ಟು ಆಡುವ ಹಾಗೆ ಶಿಮ್, ಅಂದರೆ ತೆಳು ಬಳೆ, ಹಾಕಿ. ಬಿಗಿಯಾಗಿದ್ದರೆ ಚೆಂದ ಅಂತ ಶಿಮ್ ತುರುಕುವವರನ್ನು ಕಂಡಿದ್ದೇನೆ. ಹೊಸ ಬೇರಿಂಗನ್ನು ಮೊದಲ ದಿನವೇ ಸಾಯಿಸುತ್ತಾರೆ.

ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ತರಕಾರಿ ಚೀಲದಲ್ಲಿ ಕಾರು ಹಾಕಿಕೊಂಡು ನನ್ನ ಬೆಂಚಿಗೆ ಬಂದ. 'ಅಣ್ಣಾ, ಟ್ಯೂನ್ ಮಾಡಿಕೊಡಿ' ಅಂದ. ನಾನು ನೀಡಲ್ ಮುಟ್ಟಲೇ ಇಲ್ಲ. ಬೆಲ್ ಎಳೆದರೆ ಬೇರಿಂಗಿನ ಹೊರಬಳೆ ಬೆಲ್ಲಿನಲ್ಲೇ ಉಳಿಯಿತು, ಒಳಬಳೆ ಕ್ರ್ಯಾಂಕಿಗೆ ಅಂಟಿಕೊಂಡಿತ್ತು. ಗುಂಡುಗಳು ಸಾಸಿವೆ ಕಾಳಿನ ಹಾಗೆ ಟೇಬಲ್ ಮೇಲೆ ಉರುಳಿದವು. ಆ ಹುಡುಗ ಅಷ್ಟರೊಳಗೆ ನಾಲ್ಕು ಪ್ಲಗ್ ಸುಟ್ಟಿದ್ದ. ಒಂದು ಒಳ್ಳೆ ಪ್ಲಗ್ಗಿನ ದುಡ್ಡಿಗೆ ಇಂಥ ಬೇರಿಂಗ್ ಜೋಡಿಯೇ ಬರುತ್ತದೆ.

ಸ್ಪ್ರಿಂಗ್ ಬಗ್ಗೆ ಎರಡು ಮಾತು. 0.9, 1.0, 1.1 ಅಂತ ಸಿಗುತ್ತವಲ್ಲ, ಅದು ತಂತಿಯ ದಪ್ಪ, ಮಿಲಿಮೀಟರಿನಲ್ಲಿ. ದಪ್ಪ ಹೆಚ್ಚಿದಷ್ಟೂ ಕ್ಲಚ್ ತಡವಾಗಿ, ಹೆಚ್ಚು ಆರ್‌ಪಿಎಂನಲ್ಲಿ ಹಿಡಿಯುತ್ತದೆ. ಕಾರು ಹೊರಡುವಾಗ ಕಿವಿ ಕೊಟ್ಟು ಕೇಳಿ. ಇಂಜಿನ್ ದನಿ ಏರುವ ಮೊದಲೇ ಕಾರು ಮುಂದಕ್ಕೆ ದೂಡಿ ಮಂಕಾದರೆ ಕ್ಲಚ್ ಬೇಗ ಹಿಡಿಯುತ್ತಿದೆ. ಇಂಜಿನ್ ಮೊದಲು ಕಿರುಚಿ ಕಾರು ಆಮೇಲೆ ಹೊರಟರೆ ತಡವಾಗಿ ಹಿಡಿಯುತ್ತಿದೆ, ಇಲ್ಲಾ ಜಾರುತ್ತಿದೆ. ದನಿ ಗೊಳಗೊಳ ಅಂದು, ಹಿಂದೆ ದಟ್ಟ ಹೊಗೆ ಬಂದು, ಆಮೇಲೆ ಎದ್ದರೆ ಮಾತ್ರ ಅದು ರಿಚ್. ಆಗ ಬೇಕಾದರೆ ಸ್ಕ್ರೂಡ್ರೈವರ್ ತಗೊಳ್ಳಿ. ಸ್ಪ್ರಿಂಗ್ ಬದಲಿಸಿದರೆ ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಸೋತ ಒಂದನ್ನು ಮಾತ್ರ ತೆಗೆದು ಹೊಸದು ಹಾಕುವ ಜಿಪುಣತನ ಬೇಡ.

ಕ್ಲಚ್ ಆದ ಮೇಲೆ ಎಲ್ಲ ನೀಡಲ್ಲುಗಳನ್ನೂ ಪುಸ್ತಕದ ಲೆಕ್ಕಕ್ಕೆ ವಾಪಸ್ ತನ್ನಿ. ನೀವು ಮಾಡಿದ್ದನ್ನೆಲ್ಲ ಮರೆತುಬಿಡಿ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೊದಲು ಹೈ ಸ್ಪೀಡ್, ಆಮೇಲೆ ಲೋ ಸ್ಪೀಡ್, ಕೊನೆಗೆ ಐಡಲ್. ಗಡಿಯಾರದ ಮುಳ್ಳು ಒಂದು ಗಂಟೆಯಿಂದ ಎರಡು ಗಂಟೆಗೆ ಹೋದಷ್ಟು ತಿರುಗಿಸಿದರೆ ಸಾಕು. ತಿರುಗಿಸಿ ಎರಡು ಸುತ್ತು ಓಡಿಸಿ ನೋಡಿ, ಆಮೇಲೆ ಇನ್ನೊಂದು. ಲೋ ಸ್ಪೀಡ್ ಸರಿಯಾಯಿತಾ ಅಂತ ನೋಡಲು ಐಡಲ್‌ನಲ್ಲಿ ಕಾರ್ಬ್ಯುರೇಟರ್ ಪಕ್ಕದಲ್ಲೇ ಇಂಧನದ ಟ್ಯೂಬ್ ಹಿಚುಕಿ. ಎರಡು ಮೂರು ಸೆಕೆಂಡು ಓಡಿ, ದನಿ ಸ್ವಲ್ಪವೇ ಏರಿ, ನಿಂತುಹೋಗಬೇಕು. ಹಿಚುಕಿದ ತಕ್ಷಣ ಸತ್ತರೆ ಲೀನ್. ಐದಾರು ಸೆಕೆಂಡು ಎಳೆದಾಡಿ ದನಿ ಜೋರಾಗುತ್ತಾ ಹೋದರೆ ರಿಚ್. ಇಷ್ಟಾದ ಮೇಲೂ ಐಡಲ್ ತೂಗಾಡುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಕಾರ್ಬ್ಯುರೇಟರ್ ಬುಡದ ಓ ರಿಂಗ್, ಬ್ಯಾಕ್ ಪ್ಲೇಟ್, ಟ್ಯಾಂಕಿನ ಮುಚ್ಚಳ, ಹೊಗೆ ಪೈಪಿನಿಂದ ಟ್ಯಾಂಕಿಗೆ ಬರುವ ಪ್ರೆಶರ್ ಟ್ಯೂಬ್ ನೋಡಿ. ಸೋರುವ ಇಂಜಿನ್ ಟ್ಯೂನ್ ಮಾಡಲು ಹೋಗುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ಪ್ರಶ್ನೆ: ಟೆಂಪರೇಚರ್ ಗನ್ ತಗೊಂಡೆ. 110 ಡಿಗ್ರಿ ಬರುವವರೆಗೂ ಲೀನ್ ಮಾಡಬೇಕು ಅಂತ ವಿಡಿಯೋದಲ್ಲಿ ಹೇಳುತ್ತಾರೆ, ನಿಜಾನಾ? (ಹುಬ್ಬಳ್ಳಿಯ ಓದುಗರು)

ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಜನವರಿ ತಿಂಗಳ ಬೆಳಗ್ಗೆ, ಬೆಂಗಳೂರಿನ ಚಳಿ. ಗನ್ 95 ತೋರಿಸಿತು. ದನಿ ಚೆನ್ನಾಗಿತ್ತು, ಹೊಗೆ ಚೆನ್ನಾಗಿತ್ತು, ಆದರೂ 110 ಆಗಲೇಬೇಕು ಅಂತ ಬಿಗಿ ಮಾಡುತ್ತಲೇ ಹೋದೆ. 110 ಆಯಿತು. ಅದೇ ಟ್ಯಾಂಕಿನಲ್ಲಿ ಕನೆಕ್ಟಿಂಗ್ ರಾಡ್ ಮುರಿಯಿತು. ಆ ರಾಡ್ ಇನ್ನೂ ನನ್ನ ಟೂಲ್ ಬಾಕ್ಸಿನಲ್ಲಿದೆ.

ಹವೆ, ಹೆಡ್ಡಿನ ಶಿಮ್, ಗಾಳಿ ಬರುವ ಬಾಡಿ, ಗನ್ ಹಿಡಿದ ಕೋನ, ಎಲ್ಲವೂ ಆ ನಂಬರನ್ನು ಬದಲಿಸುತ್ತವೆ. ನಿನ್ನೆಗಿಂತ ಇವತ್ತು ಜಾಸ್ತಿ ಬಿಸಿಯಾ ಅಂತ ನೋಡಲು ಗನ್ ಇಟ್ಟುಕೊಳ್ಳಿ. ಪ್ಲಗ್ಗಿನ ಮೇಲೆ ನೇರವಾಗಿ, ಯಾವಾಗಲೂ ಒಂದೇ ದೂರದಿಂದ. ಗನ್ ಇಲ್ಲದವರು ಹೆಡ್ ಮೇಲೆ ಒಂದು ಹನಿ ನೀರು ಬಿಡಿ, ದೋಸೆ ಹುಯ್ಯುವ ಮೊದಲು ಕಾವಲಿ ನೋಡುವ ಹಾಗೆ. ಮೂರು ನಾಲ್ಕು ಸೆಕೆಂಡು ಕುದಿದು ಆರಬೇಕು. ಬಿದ್ದ ತಕ್ಷಣ ಚುಂಯ್ ಅಂತ ಹಾರಿಹೋದರೆ ಕಾರು ನಿಲ್ಲಿಸಿ, ನೀಡಲ್ ಬಿಚ್ಚಿ. ನೇರ ರಸ್ತೆಯಲ್ಲಿ ಫುಲ್ ಥ್ರಾಟಲ್ ಕೊಟ್ಟಾಗ ತೆಳು ಹೊಗೆಯೂ ಕಾಣದಿದ್ದರೆ ಗನ್ ಏನೇ ಹೇಳಲಿ, ಲೀನ್ ಅಂತಲೇ ತಿಳಿಯಿರಿ.

ಪ್ರಶ್ನೆ: ಬೆಂಗಳೂರಿನಲ್ಲಿ ಸೂಪರ್ ಓಡುತ್ತಿದ್ದ ಕಾರು ಮಂಗಳೂರಿನಲ್ಲಿ ಬಿಸಿಯಾಗಿ ನಿಲ್ಲುತ್ತದೆ. ಸೆಕೆಗಾ? (ಬೆಂಗಳೂರಿನ ಓದುಗರು)

ಸೆಕೆಗಲ್ಲ, ಎತ್ತರಕ್ಕೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ತೆಳು. ಮಂಗಳೂರಿನಲ್ಲಿ ಗಾಳಿ ದಟ್ಟ. ಸೆಕೆ ಅದನ್ನು ಸ್ವಲ್ಪ ತೆಳುವಾಗಿಸುತ್ತದೆ ನಿಜ, ಆದರೆ ಎತ್ತರದ ವ್ಯತ್ಯಾಸವನ್ನು ಪೂರ್ತಿ ತುಂಬುವುದಿಲ್ಲ. ಗಾಳಿ ಹೆಚ್ಚಿತು, ಇಂಧನ ಅಷ್ಟೇ ಇದೆ, ಅಂದರೆ ಲೀನ್. ಘಾಟಿ ಇಳಿದ ಮೇಲೆ ಮೊದಲ ಟ್ಯಾಂಕಿಗೆ ಹೈ ಸ್ಪೀಡ್ ನೀಡಲ್ಲನ್ನು ಗಡಿಯಾರದ ಮುಳ್ಳು ಎರಡು ಗಂಟೆ ಸರಿದಷ್ಟು ಬಿಚ್ಚಿ ಶುರು ಮಾಡಿ. ವಾಪಸ್ ಬರುವಾಗ ಮರೆತರೆ ಇಂಜಿನ್ ಹೊಗೆ ಬಿಟ್ಟು ಮಂಕಾಗುತ್ತದೆ ಅಷ್ಟೇ, ಸಾಯುವುದಿಲ್ಲ.

ಪ್ರಶ್ನೆ: ಹೊಸ ಇಂಜಿನ್ ಐಡಲ್‌ನಲ್ಲೇ ಐದಾರು ಟ್ಯಾಂಕ್ ಕುಡಿಸಬೇಕಂತೆ, ಹೌದಾ? (ಶಿವಮೊಗ್ಗದ ಓದುಗರು)

ಅಲ್ಲ. ಪಿಸ್ಟನ್ ಓಡಾಡುವ ಸ್ಲೀವ್ ತಣ್ಣಗಿದ್ದಾಗ ಮೇಲ್ಗಡೆ ಬಿಗಿಯಾಗಿರುತ್ತದೆ, ಬಿಸಿಯಾದರೆ ಹಿಗ್ಗುತ್ತದೆ. ತಣ್ಣಗೇ ಗಂಟೆಗಟ್ಟಲೆ ಓಡಿಸಿದರೆ ಪಿಸ್ಟನ್ ಸುಮ್ನೆ ಸವೆಯುತ್ತದೆ. ಹೆಡ್ ಬೆಚ್ಚಗೆ ಮಾಡಿ ಸ್ಟಾರ್ಟ್ ಮಾಡಿ, ರಿಚ್ ಇಟ್ಟು 90 ಡಿಗ್ರಿ ಆಸುಪಾಸಿನಲ್ಲಿ ನಿಧಾನವಾಗಿ ಓಡಿಸಿ, ಮಧ್ಯೆ ಮಧ್ಯೆ ಪೂರ್ತಿ ಆರಲು ಬಿಡಿ.

ಪ್ರಶ್ನೆ: ಇಂಧನ ದುಬಾರಿ. ಮೆಥನಾಲ್ ತಂದು ಹರಳೆಣ್ಣೆ ಬೆರೆಸಿ ಮನೆಯಲ್ಲೇ ಮಾಡಿಕೊಳ್ಳಬಹುದಾ? ಸ್ವಲ್ಪ ಪೆಟ್ರೋಲ್ ಸೇರಿಸಿದರೆ? (ಇಬ್ಬರು ಓದುಗರು)

ಬೇಡ ಅಂದರೆ ಬೇಡ. ಮೆಥನಾಲ್ ಕುಡಿದು ಕಣ್ಣು ಕಳೆದುಕೊಂಡವರ ಸುದ್ದಿ ಪೇಪರಿನಲ್ಲಿ ಓದಿಲ್ವಾ? ಅದು ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ಹಗಲು ಬೆಳಕಿನಲ್ಲಿ ಅದರ ಬೆಂಕಿ ಕಣ್ಣಿಗೆ ಕಾಣುವುದೂ ಇಲ್ಲ. 1981ರ ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ರಿಕ್ ಮಿಯರ್ಸ್ ಪಿಟ್ಟಿನಲ್ಲಿ ಹೊತ್ತಿ ಉರಿಯುತ್ತಿದ್ದಾಗ ಪಕ್ಕದಲ್ಲಿದ್ದವರಿಗೆ ಜ್ವಾಲೆಯೇ ಕಾಣಲಿಲ್ಲ. ಇನ್ನು ಪೆಟ್ರೋಲ್. ಗ್ಲೋ ಪ್ಲಗ್ಗಿನ ಪ್ಲಾಟಿನಂ ತಂತಿ ಕೆಂಪಗೆ ಉಳಿಯುವುದು ಮೆಥನಾಲ್ ಇರುವುದರಿಂದ. ಪೆಟ್ರೋಲಿಗೆ ಅದು ಕೆಲಸ ಮಾಡುವುದಿಲ್ಲ.

ಪ್ರಶ್ನೆ: 16 ಪರ್ಸೆಂಟ್ ನೈಟ್ರೋ ಬಿಟ್ಟು 30 ಹಾಕಿದರೆ ರೇಸ್ ಗೆಲ್ಲಬಹುದಾ? (ಹಾಸನದ ಓದುಗರು)

ಯುರೋಪಿನಲ್ಲಿ 2021ರಿಂದ ಸಾಮಾನ್ಯ ಜನರಿಗೆ ಲೈಸೆನ್ಸ್ ಇಲ್ಲದೆ 16ಕ್ಕಿಂತ ಜಾಸ್ತಿ ಸಿಗುವುದಿಲ್ಲ. ಅಲ್ಲಿ ರೇಸ್ ನಿಂತಿಲ್ಲ. 30 ಹಾಕಲೇಬೇಕು ಅಂದರೆ ನೀಡಲ್ ಬಿಚ್ಚಲು ಮರೆಯಬೇಡಿ. ಒಂದು ಪಾಲು ಮೆಥನಾಲ್ ಉರಿಯಲು ಸುಮಾರು 6.4 ಪಾಲು ಗಾಳಿ ಬೇಕು, ನೈಟ್ರೋಮಿಥೇನಿಗೆ 1.7 ಸಾಕು. ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಬೇಕಾಗುತ್ತದೆ ಅಂತ ಅರ್ಥ. 16ರ ಸೆಟ್ಟಿಂಗಿನಲ್ಲೇ 30 ಸುರಿದು ಓಡಿಸಿದರೆ ಮುಂದಿನ ತಿಂಗಳು ಪಿಸ್ಟನ್ ಬಗ್ಗೆ ಪ್ರಶ್ನೆ ಕಳಿಸುತ್ತೀರಿ.

ಪ್ರಶ್ನೆ: ನೀಲಿ ಬಣ್ಣದ ಹೆಡ್ ಹಾಕಿದರೆ ಇಂಜಿನ್ ಬೇಗ ತಣ್ಣಗಾಗುತ್ತದಂತೆ? (ದಾವಣಗೆರೆಯ ಓದುಗರು)

ಇಲ್ಲ. ಆ ದುಡ್ಡಿಗೆ ಕ್ಲಚ್ ಬೇರಿಂಗ್ ತಂದಿಟ್ಟುಕೊಳ್ಳಿ.