ಕುಮ್ಕಿ ಅಂದರೆ ಎಂತ ಅಂತ ಕೇಳಿದರು

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ತಲೆಯಲ್ಲಿ ಉಂಟು. "ಕೇರಳ ಅಷ್ಟು ಮುಂದುವರಿದ ರಾಜ್ಯ, ಅಲ್ಲಿದ್ದುಕೊಂಡು ನೀವು ಕಾಸರಗೋಡಿನವರು ಯಾಕೆ ಯಾವಾಗಲೂ ಭಾಷೆ ಭಾಷೆ ಅಂತೀರಿ? ಹೀಗೆ ಕೂತರೆ ಡೆವಲಪ್ ಆಗೋದು ಯಾವಾಗ?" ಅಂದೆ. ಆಗ ಬಸ್ಸಿನಲ್ಲಿದ್ದೆ, ಸರಿಯಾಗಿ ಉತ್ತರ ಕೊಡಲಾಗಲಿಲ್ಲ.

ಕೇರಳದ ಬಗ್ಗೆ ನೀನು ಹೇಳಿದ್ದು ಸುಳ್ಳಲ್ಲ. 1975ರಲ್ಲಿ ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ವಿಶ್ವಸಂಸ್ಥೆಗೆ ಮಾಡಿಕೊಟ್ಟ ಅಧ್ಯಯನ ಇದನ್ನೇ ತೋರಿಸಿತ್ತು. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೂ ಜನ ಓದಬಹುದು, ಆರೋಗ್ಯವಾಗಿ ಬದುಕಬಹುದು. ಬಡ ದೇಶಗಳ ಮಾತು ಬಂದಾಗ ಇವತ್ತಿಗೂ ಕೇರಳದ ಹೆಸರು ಬರುತ್ತದೆ. ಮುಂದೆ 1990ರಲ್ಲಿ ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್ ಅವರ ಮುಂದಾಳತ್ವದಲ್ಲಿ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿ ಶುರುವಾಯಿತು. ಅಲ್ಲಿಂದ ಆದಾಯದ ಜೊತೆ ಆಯಸ್ಸು, ಓದು ಎರಡನ್ನೂ ಅಳೆಯುತ್ತಾ ಬಂದರು. ಇದೆಲ್ಲ ನನಗೂ ಹೆಮ್ಮೆಯೇ. ನಮ್ಮ ಊರಿನ ಸರ್ಕಾರಿ ಶಾಲೆ, ಆರೋಗ್ಯ ಕೇಂದ್ರ ನೋಡಿದರೆ ನಿನಗೂ ಖುಷಿಯಾದೀತು.

ಆದರೆ ಅಳತೆ ಇಡೀ ರಾಜ್ಯದ್ದು. ನಾವಿರುವುದು ಅದರ ಬಡಗು ತುದಿಯಲ್ಲಿ. ಕಾಸರಗೋಡಿನಿಂದ ತಿರುವನಂತಪುರಕ್ಕೆ 550 ಕಿಲೋಮೀಟರಿಗೂ ಜಾಸ್ತಿ, ಮಂಗಳೂರಿಗೆ ಸುಮಾರು 50. ಜೋರು ಕಾಯಿಲೆ ಬಂದರೆ ನಾವು ಓಡುವುದು ಮಂಗಳೂರಿಗೆ. 2020ರ ಮಾರ್ಚಿನಲ್ಲಿ, ಕೊರೊನಾ ಸಮಯದಲ್ಲಿ, ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ರೋಗಿಗಳು ವಾಪಸ್ ಬರಬೇಕಾಯಿತು. ಹಾಗಾಗಿ ನನ್ನ ದೂರು ಒಂದೇ ರಾಜ್ಯದ ಮೇಲೆ ಅಂತ ತಿಳಿಯಬೇಡ. ನಮ್ಮ ಜಿಲ್ಲೆಯ ಎಣ್ಮಕಜೆ ಕಡೆಯ ಗೇರು ತೋಟಗಳ ಮೇಲೆ 20 ವರ್ಷಕ್ಕೂ ಮೇಲೆ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ವಿಷದ ಕೀಟನಾಶಕ ಸುರಿದದ್ದೂ ಅಭಿವೃದ್ಧಿಯ ಹೆಸರಿನಲ್ಲೇ. ಅದನ್ನು ಬರೆಯಲು ಕೂತರೆ ಈ ಕಾಗದ ಸಾಲದು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಅಜ್ಜನ ಪಾಲುಪಟ್ಟಿ, ಅಂದರೆ ಆಸ್ತಿ ಪಾಲಾದಾಗ ಬರೆದ ಕಾಗದ. 1941ರದ್ದು, ಮದ್ರಾಸ್ ಕಾಲದ ಛಾಪಾಕಾಗದ. ನಾಲ್ಕು ಮಡಿಕೆಯ ಜಾಗದಲ್ಲಿ ಹರಿದು ನಾಲ್ಕು ತುಂಡಾಗಿದೆ, ಹಿಂದಿನಿಂದ ಟ್ರೇಸಿಂಗ್ ಪೇಪರ್ ಅಂಟಿಸಿದ್ದೇನೆ. ಎಲ್ಲ ಕನ್ನಡದಲ್ಲಿ, ಅಕ್ಷರಗಳನ್ನು ಒಂದಕ್ಕೊಂದು ಕೂಡಿಸಿ ಬರೆಯುವ ಕೂಡಕ್ಷರದಲ್ಲಿ. 1956ರ ನವೆಂಬರ್ 1ಕ್ಕೆ, ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು, ಆದರೆ ಜಮೀನಿನ ಹಳೇ ಕಾಗದಗಳು ಕನ್ನಡದಲ್ಲೇ ಉಳಿದವು. ಮೊದಲು ಆಫೀಸುಗಳಲ್ಲಿ ಅದನ್ನು ಓದುವವರು ಇದ್ದರು. ಈಗ ಹುಡುಕಬೇಕು.

ಹೋದ ತಿಂಗಳು ದಾಖಲೆ ಸರಿಪಡಿಸಲು ಒಂದು ಆಫೀಸಿಗೆ ಹೋಗಿದ್ದೆ. ಕುರ್ಚಿಯಲ್ಲಿದ್ದದ್ದು ಕೇರಳದ ತೆಂಕಣ ಜಿಲ್ಲೆಯಿಂದ ಬಂದ ಹುಡುಗ, ಒಳ್ಳೆಯವನೇ. ಕಾಗದವನ್ನು ಮೊದಲು ತಲೆಕೆಳಗೆ ಹಿಡಿದ, ನಾನು ತಿರುಗಿಸಿ ಕೊಟ್ಟೆ. "ಚೇಟ್ಟಾ, ಇದನ್ನು ಮಲಯಾಳಕ್ಕೆ ಮಾಡಿಸಿ ತನ್ನಿ" ಅಂದ. ದುಡ್ಡು ಕೊಟ್ಟು ಮಾಡಿಸಿದೆ. ಅನುವಾದದಲ್ಲಿ ಅಜ್ಜನ ಹೆಸರಿನ ಒಂದು ಒತ್ತಕ್ಷರ ಹೋಯಿತು. ಕಂಪ್ಯೂಟರಿನ ಲೆಕ್ಕದಲ್ಲಿ ಅವರು ಬೇರೆಯೇ ಮನುಷ್ಯ. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಕುಮ್ಕಿಗೆ. ಕುಮ್ಕಿ ಅನ್ನುವಲ್ಲೆಲ್ಲ 'ಪುರಂಬೋಕ್', ಅಂದರೆ ಬರೀ ಸರ್ಕಾರಿ ಜಾಗ, ಅಂತ ಬರೆದಿದ್ದರು.

ನಿನಗೂ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ದಕ್ಷಿಣ ಕನ್ನಡದ ಪದ್ಧತಿಯಲ್ಲಿ ವರ್ಗ ಜಮೀನಿನ, ಅಂದರೆ ರೈತ ತನ್ನ ಹೆಸರಿನಲ್ಲಿ ಕಂದಾಯ ಕಟ್ಟುವ ಜಮೀನಿನ, ಅಂಚಿನಿಂದ 100 ಗಜದ ಒಳಗಿನ ಸರ್ಕಾರಿ ಜಾಗದ ಮೇಲೆ ಆ ರೈತನಿಗೆ ಒಂದು ಸವಲತ್ತು ಉಂಟು. ತೋಟಕ್ಕೆ ಸೊಪ್ಪು, ಒಲೆಗೆ ಕಟ್ಟಿಗೆ, ದನಕ್ಕೆ ಮೇವು ಅಲ್ಲಿಂದಲೇ. ಕುಮ್ಮಕ್ಕು ಅನ್ನುತ್ತೇವಲ್ಲ, ಅದೇ ಬೇರಿನ ಪದ ಇದು. ಜಾಗ ಸರ್ಕಾರದ್ದು ಹೌದು, ಆದರೆ ಬರೀ ಪುರಂಬೋಕು ಅಲ್ಲ. ಆ ಒಂದು ಪದ ಬದಲಾದರೆ ನಮ್ಮ ಗುಡ್ಡೆಗೂ ನಮಗೂ ಇರುವ ಸಂಬಂಧವೇ ಬದಲಾಗುತ್ತದೆ. "ಕುಮ್ಕಿ ಅಂದರೆ ಎಂತ?" ಅಂತ ಆ ಹುಡುಗ ಕೇಳಿದಾಗ ನಾನು ಅರ್ಧ ಗಂಟೆ ಹೇಳಿದೆ. ತಲೆ ಆಡಿಸಿದ. ಆದರೆ ಅವನ ಫಾರ್ಮಿನಲ್ಲಿ ಆ ಪದಕ್ಕೆ ಜಾಗವೇ ಇರಲಿಲ್ಲ.

ತಂತ್ರಜ್ಞಾನ ಬೇಡ ಅಂತಲ್ಲ ಮಾರಾಯ. ಕೇರಳ 2024ರಲ್ಲಿ 'ಎನ್ಟೆ ಭೂಮಿ' ಅನ್ನುವ ಡಿಜಿಟಲ್ ಜಮೀನು ವ್ಯವಸ್ಥೆ ತಂದಾಗ ಮೊದಲು ನಡೆಸಿ ನೋಡಿದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರ್ ಉಳುವಾರಿನಲ್ಲೇ. ಆ ಸುದ್ದಿ ಓದಿ ಎಷ್ಟು ಖುಷಿಯಾಯಿತು ಗೊತ್ತಾ! ಹೊಸದು ತುದಿಯಿಂದ ಶುರುವಾಗುವುದು ಅಪರೂಪ.

ನೀನು ಕೆಲಸದಲ್ಲಿ ಡೆವಲಪರ್. ನಿನ್ನ ಹೆಂಡತಿಯ ಕೆಲಸ ಬಿಸಿನೆಸ್ ಡೆವಲಪ್‌ಮೆಂಟ್, ಎದುರು ಕೂತ ಗಿರಾಕಿ ಏನು ಹೇಳುತ್ತಿದ್ದಾನೆ ಅಂತ ಕೇಳಿಸಿಕೊಳ್ಳದೆ ಅದು ನಡೆಯುತ್ತದಾ? ಇಲ್ಲ ಅಲ್ವಾ? ನಾವು ಕೇಳುವುದೂ ಅಷ್ಟೇ, ನಮ್ಮ ಮಾತನ್ನೂ ಕೇಳಿಸಿಕೊಳ್ಳಿ ಅಂತ. ಭಾಷೆ ಕಲಿಯದ ಸೋಮಾರಿಗಳು ಅಂತ ಮಾತ್ರ ನಮ್ಮನ್ನು ತಿಳಿಯಬೇಡ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಮೀನು ಮಾರುಕಟ್ಟೆಯಲ್ಲಿ ಬ್ಯಾರಿ. ನನ್ನ ಮಗಳು ಹತ್ತು ವರ್ಷಕ್ಕೇ ಇದೆಲ್ಲ ಆಡುತ್ತಾಳೆ. ಈ ಊರು ಅವಳದ್ದು, ನನ್ನದು. ಯಾವ ರಾಜ್ಯದ ನಕ್ಷೆಯಲ್ಲಿದ್ದರೂ ನಮ್ಮದು.

ಸೋಮವಾರ ಮತ್ತೆ ಹೋಗುತ್ತೇನೆ. ಈ ಸಲ ಅನುವಾದ ನಾನೇ ಮಾಡಿದ್ದೇನೆ, ಮಗಳು ಮಲಯಾಳದ ಕಾಗುಣಿತ ತಿದ್ದಿಕೊಟ್ಟಳು. ಕುಮ್ಕಿಯನ್ನು ಕುಮ್ಕಿ ಅಂತಲೇ ಬರೆದಿದ್ದೇವೆ, ಕೆಳಗೆ ಎರಡು ಸಾಲು ಅರ್ಥ. ಅಜ್ಜನ ಹೆಸರಿನ ಒತ್ತಕ್ಷರವನ್ನೂ ವಾಪಸ್ ಹಾಕಿದ್ದೇವೆ.